ಅಂಗಿ ಬಿಚ್ಚದ ನಾಲ್ಕು ಶ್ರಾವಣ

ನಮ್ಮ ಮನೆಯ ಗಂಡಸರು ವರ್ಷದಲ್ಲಿ ಒಂದು ದಿನ ಹತ್ತು ಜನರೆದುರು ಅಂಗಿ ಬಿಚ್ಚಲೇಬೇಕು. ನೂಲ ಹುಣ್ಣಿಮೆಯ ದಿನ ಮಠದ ಹಜಾರದಲ್ಲಿ ಸಾಲಾಗಿ ಕೂತು, ಹಳೆಯ ಜನಿವಾರ ತೆಗೆದು ಹೊಸದು ಹಾಕಿಕೊಳ್ಳುವ ದಿನ ಅದು. ಹೈದರಾಬಾದಿಗೆ ಬಂದು ಮೂರು ತಲೆಮಾರಾಗಿದೆ. ಹೊರಗೆ ತೆಲುಗು, ಆಫೀಸಿನಲ್ಲಿ ಹಿಂದಿ, ಜಗಳಕ್ಕೆ ಎರಡೂ. ಆದರೂ ಆ ಮುಂಜಾನೆ ರಾಯಚೂರು ಕಡೆಯ ಗಂಡಸರೆಲ್ಲ ಪಂಚೆ ಉಟ್ಟು, ಬರಿಮೈಯಲ್ಲಿ ಚಾಪೆಯ ಮೇಲೆ ಹಾಜರು. ಚಂದದ ದೃಶ್ಯ ಎಂದು ಯಾರೂ ಹೇಳಲಾರರು. ಹೊಟ್ಟೆಗಳ ವಾರ್ಷಿಕ ಸಮ್ಮೇಳನದಂತಿರುತ್ತದೆ. ಯಾರಿಗೂ ತಮ್ಮ ಮೈಯ ಪರಿವೆ ಇರುವುದಿಲ್ಲ. ಹದಿಮೂರರಿಂದ ಹದಿನಾರರವರೆಗೆ ನನಗೆ ಇದ್ದದ್ದು ಅದೊಂದೇ ಪರಿವೆ.

ಹದಿಮೂರರಲ್ಲಿ ಒಂದು ದಿನ ಕೂಕಟ್‌ಪಲ್ಲಿಯ ಬಸ್ಸಿನಲ್ಲಿ ಯಾರದೋ ಮೊಣಕೈ ಎದೆಯ ಎಡಗಡೆ ತಾಗಿತು. ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಮುಟ್ಟಿ ನೋಡಿದರೆ ಒಳಗೆ ಅಡಿಕೆಯಷ್ಟು ಗಂಟು. ಕೆಲವು ತಿಂಗಳಲ್ಲಿ ಬಲಗಡೆಯೂ ಒಂದು ಬಂತು. ವರ್ಷ ತುಂಬುವಷ್ಟರಲ್ಲಿ ಎರಡೂ ಅಂಗಿಯ ಮೇಲೆ ಕಾಣುವಷ್ಟು ಬೆಳೆದವು. ಮೈಯೆಲ್ಲ ದಪ್ಪವಾಗಿದ್ದರೆ ಅದರಲ್ಲಿ ಇದೂ ಮರೆಯಾಗುತ್ತಿತ್ತು. ಆದರೆ ನನ್ನ ಕೈಕಾಲು ಅಗರಬತ್ತಿಯ ಕಡ್ಡಿಗಳು. ದೇವರು ನನ್ನನ್ನು ಮಾಡುವಾಗ ಬೇರೆ ಯಾರದೋ ಸಾಮಾನು ಕೈಗೆ ಸಿಕ್ಕಿತೆಂದು ಕಾಣುತ್ತದೆ.

ಶಾಲೆಯಲ್ಲಿ ನನಗೆ ಹೊಸ ಹೆಸರು ಬಂತು. ‘ಆಂಟಿ’. ಆಟದ ಪಿರಿಯಡ್ಡಿನಲ್ಲಿ ಓಡಿದರೆ ಹಿಂದಿನಿಂದ ನಗು. ಅದಕ್ಕೆ ನಾನು ಕಂಡುಕೊಂಡ ಉಪಾಯ ಮಿಮಿಕ್ರಿ. ಯಾರಾದರೂ ನನ್ನ ಕಡೆ ನೋಡುವ ಮೊದಲೇ ತೆಲುಗು ಸಾರ್ ಆಗಿಬಿಡುತ್ತಿದ್ದೆ. ಮೂಗಿನಲ್ಲಿ ಪದ್ಯ ಓದುತ್ತಿದ್ದೆ. ಡ್ರಿಲ್ ಸಾರ್ ಆಗುತ್ತಿದ್ದೆ, ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗುತ್ತಿದ್ದೆ. ಯಾರೂ ಸಿಗದಿದ್ದರೆ ‘ಆಂಟಿ’ಯೇ ಆಗಿ ತರಕಾರಿಯವನೊಡನೆ ಚೌಕಾಶಿ ಮಾಡುತ್ತಿದ್ದೆ. ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಜನ ನನ್ನ ಮುಖ ನೋಡುತ್ತಿರುವಷ್ಟು ಹೊತ್ತು ಕೆಳಗೆ ನೋಡುವುದಿಲ್ಲ. ಮಿಮಿಕ್ರಿ ನನಗೆ ಕಲೆಯಾಗಿ ಬಂದದ್ದಲ್ಲ, ದುಪಟ್ಟಾ ಆಗಿ ಬಂದದ್ದು.

ಮನೆಯಲ್ಲಿ ಒಮ್ಮೆ ಬಾಯಿ ಬಿಟ್ಟೆ. ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುವವರು. ಒಂದು ಮಾತ್ರೆ ಕೂದಲೆಳೆಯಷ್ಟು ಉಬ್ಬಿದ್ದರೂ ಇಡೀ ಬ್ಯಾಚು ವಾಪಸು ಕಳಿಸುವ ಮನುಷ್ಯ. ಮನೆಯಲ್ಲಿ ತಯಾರಾದ ಒಂದೇ ಒಂದು ಮಾಲನ್ನು ಮಾತ್ರ ತಲೆಯೆತ್ತಿಯೂ ನೋಡಲಿಲ್ಲ.

‘ಅಪ್ಪಾ, ನನ್ನ ಎದಿ ಯಾಕೋ ದಪ್ಪ ಆಗ್ಲಿಕ್ಕತ್ತದ.’

‘ಕರಿದದ್ದು ತಿನ್ನೋದು ಬಿಡು. ಮುಂಜಾನೆ ಎದ್ದು ಓಡು,’ ಎಂದರು ಪೇಪರಿನ ಹಿಂದಿನಿಂದ.

ಓಡಿದೆ. ಓಡಿದಷ್ಟೂ ನೋವು. ತುಪ್ಪ ಬಿಟ್ಟೆ, ಅನ್ನ ಬಿಟ್ಟೆ, ಒಂದು ಹೊತ್ತಿನ ಊಟವನ್ನೇ ಬಿಟ್ಟೆ. ಕೆನ್ನೆ ಒಳಗೆ ಹೋಯಿತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಾಗುತ್ತಿತ್ತು. ಹೋಗಬೇಕಾದದ್ದು ಮಾತ್ರ ಹೋಗಲಿಲ್ಲ. ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. ನಾನು ನಿಧಾನವಾಗಿ ಹೆಣ್ಣಾಗುತ್ತಿದ್ದೇನೆ ಎಂದು ಒಂದು ವಾರ ನಂಬಿದರೆ, ಕ್ಯಾನ್ಸರ್ ಬಂದಿದೆ ಎಂದು ಇನ್ನೊಂದು ವಾರ. ನಿಜ ಹೇಳಬೇಕೆಂದರೆ ಎರಡನೆಯದೇ ಆಗಲಿ ಎಂದು ಬೇಡಿಕೊಂಡ ದಿನಗಳಿವೆ. ಅದಾದರೆ ಯಾರೂ ನಗುವುದಿಲ್ಲವಲ್ಲ.

ಮೊದಲ ಶ್ರಾವಣದಲ್ಲಿ ಜ್ವರ ಎಂದು ಮುಸುಕು ಹಾಕಿಕೊಂಡು ಮಲಗಿದೆ. ಎರಡನೆಯದಕ್ಕೆ ಶಾಲೆಯಲ್ಲಿ ಇಲ್ಲದ ಪರೀಕ್ಷೆ ಹುಟ್ಟಿಸಿದೆ. ಮೂರನೆಯ ವರ್ಷ ಸುಳ್ಳು ಖಾಲಿಯಾಗಿತ್ತು. ಕಾಲು ಉಳುಕಿದೆ ಎಂದರೆ ಅಪ್ಪ ಒತ್ತಿ ನೋಡದೆ ಬಿಡುವವರಲ್ಲ. ಹಾಗಾಗಿ ಮೆಟ್ಟಿಲ ಮೇಲಿಂದ ನಿಜವಾಗಿಯೇ ಹಾರಿ ನಿಜವಾಗಿಯೇ ಉಳುಕಿಸಿಕೊಂಡೆ. ಎರಡು ವಾರ ಕುಂಟಿದೆ. ಕುಂಟುವಾಗ ಒಂದು ತರಹದ ನೆಮ್ಮದಿ ಇತ್ತು. ಈಗ ಜನ ನೋಡುವುದಿದ್ದರೆ ಕಾಲು ನೋಡುತ್ತಾರೆ.

ಆ ವರ್ಷವೇ ಅಜ್ಜಿಯ ಸೊಂಟದ ಬೆಲ್ಟು ಕಳೆದುಹೋಯಿತು. ಬೆನ್ನುನೋವಿಗೆ ಡಾಕ್ಟರು ಕೊಟ್ಟಿದ್ದು. ಅಗಲವಾದ ಇಲಾಸ್ಟಿಕ್, ನಡುವೆ ನಾಲ್ಕು ಗಟ್ಟಿ ಕಡ್ಡಿ, ತುದಿಗೆ ಅಂಟುವ ಪಟ್ಟಿ. ಮಂಚದ ಕೆಳಗೆ, ಬೀರುವಿನ ಹಿಂದೆ ಎಲ್ಲ ಕಡೆ ಹುಡುಕಿದರು. ನಾನೂ ಬಹಳ ಶ್ರದ್ಧೆಯಿಂದ ಹುಡುಕಿದೆ. ಹುಡುಕುವಾಗ ಅದು ನನ್ನ ಎದೆಯ ಮೇಲೇ ಇತ್ತು, ಎರಡು ಬನಿಯನ್ನಿನ ಕೆಳಗೆ. ಅಜ್ಜಿಗೆ ಹೊಸದು ತಂದರು.

ಹೈದರಾಬಾದಿನ ಜೂನ್ ತಿಂಗಳ ಸೆಕೆಯಲ್ಲಿ ಅದನ್ನು ಕಟ್ಟಿಕೊಂಡು ದಿನವಿಡೀ ಶಾಲೆಯಲ್ಲಿ ಕೂರುವುದು ಹೇಗಿರುತ್ತದೆಂದು ವಿವರಿಸಲಾರೆ. ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಬೆವರು ಒಣಗುವುದಿಲ್ಲ. ಕಡ್ಡಿಗಳು ಒತ್ತಿದ ಜಾಗದಲ್ಲಿ ಮೊದಲು ಕೆಂಪು ಗೆರೆ, ಆಮೇಲೆ ಹುಣ್ಣು. ಹುಣ್ಣಿಗೆ ಪೌಡರ್ ಹಾಕಿ ಮತ್ತೆ ಬಿಗಿಯುತ್ತಿದ್ದೆ. ಸಪಾಟಾಗಿ ಕಾಣುವ ಅಂಗಿಗಾಗಿ ಇನ್ನೂ ಹೆಚ್ಚು ಕೊಡಬೇಕಾಗಿದ್ದರೂ ಕೊಡುತ್ತಿದ್ದೆ.

ಹದಿನಾರರ ಶ್ರಾವಣ ಬಂತು. ಅಪ್ಪ ಹಿಂದಿನ ವಾರವೇ ಹೇಳಿದ್ದರು, ‘ಈ ಸರ್ತಿ ಜ್ವರ ಬರ್ಲಿ, ಕಾಲು ಮುರೀಲಿ, ಎತ್ಕೊಂಡರೇ ಒಯ್ಯಾಂವ.’

ಆ ಬೆಳಿಗ್ಗೆ ನಾನು ಮಾಡಿದ್ದನ್ನು ಮಾಡಬೇಕಾದರೆ ಎರಡು ವಿಷಯ ಗೊತ್ತಿರಬೇಕು. ಒಂದು, ಭಾವಬಂದಿಗಳಲ್ಲಿ, ಅಂದರೆ ದಾಯಾದಿಗಳಲ್ಲಿ, ಯಾರಾದರೂ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಮನೆಗೆ ಸೂತಕ. ಸೂತಕದಲ್ಲಿ ಮಠದ ಹೊಸ್ತಿಲು ತುಳಿಯುವಂತಿಲ್ಲ. ಎರಡು, ರಾಯಚೂರಿನ ಶಾಮಣ್ಣ ಕಾಕಾ, ಅಂದರೆ ಅಪ್ಪನ ದಾಯಾದಿ ಅಣ್ಣ, ಪ್ರತಿ ವಾಕ್ಯಕ್ಕೂ ಮೊದಲು ಎರಡು ಸಲ ಕೆಮ್ಮುತ್ತಾನೆ. ಮನೆಯ ಮದುವೆ ಮುಂಜಿಗಳಲ್ಲಿ ಆ ಕೆಮ್ಮಿಗೆ ನಾನು ಎಷ್ಟೋ ಸಲ ಚಪ್ಪಾಳೆ ಗಿಟ್ಟಿಸಿದ್ದೆ.

ವಾಚ್‌ಮನ್‌ನ ಫೋನ್ ಇಸಿದುಕೊಂಡು ಮಹಡಿಯ ನೀರಿನ ಟ್ಯಾಂಕಿನ ಹಿಂದೆ ನಿಂತು ಅಜ್ಜಿಗೆ ಫೋನ್ ಮಾಡಿದೆ. ಅಪ್ಪ ಆಗಲೇ ಸ್ನಾನ ಮುಗಿಸಿ ಪಂಚೆ ಉಡುತ್ತಿದ್ದರು.

ಕೆಮ್ಮಿದೆ. ‘ಕಾಕು, ನಾ ಶಾಮಣ್ಣ. ನನ್ನ ಫೋನ್ ಕೆಟ್ಟದರಿ, ಬ್ಯಾರೇವ್ರದ್ರಿಂದ ಮಾಡ್ಲಿಕ್ಕತ್ತೀನಿ. ಲಿಂಗಸುಗೂರಿಂದ ಸುದ್ದಿ ಬಂತು. ವೆಂಕಣ್ಣ ಕಾಕಾ ಹೋದ್ನಂತರಿ, ನಿನ್ನೆ ಸಂಜೀಕ.’

ವೆಂಕಣ್ಣಜ್ಜ ಅಜ್ಜಿಯ ಕೊನೆಯ ಮೈದುನ. ಮನೆ ಪಾಲಿನ ಜಗಳವಾಗಿ ಎಷ್ಟೋ ವರ್ಷಗಳಿಂದ ಮಾತುಕತೆ ಇರಲಿಲ್ಲ. ಅದಕ್ಕೇ ಅವನನ್ನು ಆರಿಸಿಕೊಂಡಿದ್ದೆ. ಯಾರೂ ಫೋನ್ ಮಾಡಿ ವಿಚಾರಿಸುವುದಿಲ್ಲ, ಯಾರಿಗೂ ದುಃಖವಾಗುವುದಿಲ್ಲ. ಹೀಗಿತ್ತು ನನ್ನ ಬುದ್ಧಿ.

ಅಜ್ಜಿ ಸಣ್ಣ ದನಿಯಲ್ಲಿ ಕೇಳಿದಳು, ‘ಊಟ ಮಾಡಿದ್ನೇನೋ, ಹೋಗೋಕಿಂತ ಮೊದ್ಲು?’

ಆ ಪ್ರಶ್ನೆಗೆ ಶಾಮಣ್ಣ ಕಾಕಾನ ದನಿಯಲ್ಲಿ ಉತ್ತರ ತಯಾರಿರಲಿಲ್ಲ. ಫೋನ್ ಕಟ್ ಮಾಡಿದೆ.

ಕೆಳಗೆ ಬಂದಾಗ ಅಪ್ಪ ಪಂಚೆಯಲ್ಲೇ ಕುರ್ಚಿಗೆ ಕುಸಿದಿದ್ದರು. ಶಾಮಣ್ಣ ಕಾಕಾನ ನಂಬರಿಗೆ ಹಚ್ಚಿದರೆ ಬಂದ್. ಬಂದ್ ಇರಲೇಬೇಕು, ಅವನು ರಾಯಚೂರಿನ ಮಠದಲ್ಲಿ ಜನಿವಾರ ಹಾಕಿಕೊಳ್ಳುತ್ತ ಕೂತಿದ್ದ. ಫೋನ್ ಕೆಟ್ಟಿದೆ ಎಂದು ನಾನೇ ಹೇಳಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಅಮ್ಮ ದೇವರ ಮನೆಯ ಬಾಗಿಲು ಎಳೆದಳು. ಅಜ್ಜಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಬಂದು, ಹಸಿ ಕೂದಲಲ್ಲಿ ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತಳು.

‘ನಾ ಮದಿವ್ಯಾಗಿ ಬಂದಾಗ ಐದು ವರ್ಷದಾಂವ ಇದ್ದ,’ ಎಂದಳು ಯಾರಿಗೂ ಅಲ್ಲದಂತೆ. ‘ತಾಯಿ ಇದ್ದಿದ್ದಿಲ್ಲ. ನನ್ನ ಸೆರಗು ಹಿಡ್ಕೊಂಡು ಮಲಗತಿದ್ದ. ಜಗಳ ಗಂಡಸರದು, ಪಾಂಡು. ನಾ ಯಾಕ ಮಾತು ಬಿಟ್ಟೆ? ನನಗ್ಯಾರು ಬಿಡು ಅಂದಿದ್ರು?’

ಪಾಂಡು ಎಂದರೆ ಅಪ್ಪ.

ಆಗಲೇ ಹೇಳಬಹುದಿತ್ತು. ಗಡಿಯಾರ ನೋಡಿದೆ. ಮಠದಲ್ಲಿ ಹನ್ನೆರಡಕ್ಕೆ ಮುಗಿಯುತ್ತದೆ. ಹನ್ನೊಂದಾಗಿತ್ತು. ಇನ್ನೊಂದು ತಾಸು ಅಜ್ಜಿ ಅಳಲಿ ಎಂದು ಕಾದೆ. ನನ್ನ ಕಾಯಿಲೆ ಎಂಥದ್ದು ಎಂದು ಆಮೇಲೆ ಡಾಕ್ಟರರು, ಪುಸ್ತಕಗಳು ಏನೇನೋ ಹೇಳಿದವು. ನನ್ನನ್ನು ಕೇಳಿದರೆ, ಆ ಒಂದು ತಾಸು ನನ್ನ ಕಾಯಿಲೆ.

ಮಧ್ಯಾಹ್ನ ಶಾಮಣ್ಣ ಕಾಕಾನ ಫೋನ್ ಬಂತು. ಅಪ್ಪ ಸ್ಪೀಕರಿಗೆ ಹಾಕಿದರು.

ಎರಡು ಕೆಮ್ಮು. ‘ಏನೋ ಪಾಂಡು, ಹತ್ತು ಸಲ ಫೋನ್ ಮಾಡೀದಿ? ಮಠದಾಗಿದ್ದೆ, ಬಂದ್ ಇಟ್ಟಿದ್ದೆ. ಊಟಕ್ಕ ಎಂಥಾ ಹೋಳಿಗಿ ಮಾಡಿದ್ರಂತೀ.’

‘ವೆಂಕಣ್ಣ ಕಾಕಾ?’ ಎಂದರು ಅಪ್ಪ.

‘ಅವಗೇನಾಗೇದ? ಹಬ್ಬಕ್ಕ ಇಲ್ಲೇ ಬಂದಾನ, ಮಠದಾಗ ನನ್ನ ಬಾಜೂಕ ಕೂತಿದ್ದ. ನನ್ನ ಪಾಲಿನ ಹೋಳಿಗಿನೂ ಅವನೇ ತಿಂದ.’

ಅಪ್ಪ ಫೋನ್ ಇಟ್ಟರು. ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಶಾಮಣ್ಣ ಕಾಕಾನ ಗಂಟಲು ಇನ್ನೊಬ್ಬನಿಗಷ್ಟೇ ಇತ್ತು.

ಅಪ್ಪ ಎಂದೂ ಕೈಯೆತ್ತಿದವರಲ್ಲ. ಅಂದು ಎದ್ದು ಬಂದು ಅಂಗಿ ಹಿಡಿದು ಎಳೆದರು. ಗುಂಡಿಗಳು ಕಿತ್ತುಬಂದವು. ಬನಿಯನ್ನಿನ ಕುತ್ತಿಗೆ ಹರಿಯಿತು. ಮೇಲೆತ್ತಿದ ಕೈ ಅಲ್ಲೇ ನಿಂತಿತು.

‘ಅದು ನನ್ನ ಸೊಂಟದ ಪಟ್ಟಿ,’ ಎಂದಳು ಅಜ್ಜಿ.

ಅವಳೇ ಎದ್ದು ಬಂದಳು. ನಾನು ಗೋಡೆಗೆ ಆತು ನಿಂತಿದ್ದೆ. ಎಲ್ಲರ ದನಿಯೂ ಬರುತ್ತಿದ್ದ ನನಗೆ ಆಗ ಯಾವ ದನಿಯೂ ಬರಲಿಲ್ಲ. ಅಜ್ಜಿ ಬನಿಯನ್ ಸರಿಸಿ ಅಂಟುಪಟ್ಟಿಯನ್ನು ಚರ್ರನೆ ಬಿಡಿಸಿದಳು. ಕಡ್ಡಿಗೆ ಅಂಟಿದ್ದ ಹುಣ್ಣು ಜೊತೆಯಲ್ಲೇ ಬಿಚ್ಚಿಕೊಂಡಿತು. ಅಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಳು. ಯಾರೂ ನಗಲಿಲ್ಲ. ಮೂರು ವರ್ಷ ನಾನು ಕಾದಿದ್ದ ಆ ನಗು ಬರಲೇ ಇಲ್ಲ.

‘ನನಗ ಯಾಕ ಹೇಳ್ಲಿಲ್ಲೋ?’ ಎಂದರು ಅಪ್ಪ.

‘ಹೇಳಿದ್ದೆ. ಓಡು ಅಂದ್ರಿ.’

ಅಪ್ಪ ನೆಲದ ಮೇಲೇ ಕೂತುಬಿಟ್ಟರು. ಅಜ್ಜಿ ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ನನ್ನೊಂದಿಗೆ ಎಂಟು ದಿನ ಮಾತಾಡಲಿಲ್ಲ. ಆದರೆ ಅದೇ ಸಂಜೆ ವೆಂಕಣ್ಣಜ್ಜನ ನಂಬರ್ ಹುಡುಕಿಸಿ ಫೋನ್ ಮಾಡಿ, ‘ವೆಂಕಣ್ಣ, ನೀ ಸತ್ತಿ ಅಂತ ಸುದ್ದಿ ಬಂದಿತ್ತು, ಅದಕ್ಕ ಮಾಡಿದೆ,’ ಎಂದಳು. ಆ ಕಡೆಯಿಂದ ಏನು ಬಂತೋ, ಅರ್ಧ ತಾಸು ಮಾತಾಡಿದರು.

ಆಮೇಲೆ ಆಸ್ಪತ್ರೆ. ಅಪ್ಪ ರಜೆ ಹಾಕಿದರು, ಅಮ್ಮ ಡಬ್ಬಿ ಕಟ್ಟಿದಳು. ನಮ್ಮನ್ನು ಕಳಿಸಿದ ವಿಭಾಗದಲ್ಲಿ ಬಾಕಿನ ಮೇಲೆ ಕೂತವರೆಲ್ಲ ಹೆಂಗಸರು. ಗೋಡೆಯ ಚಿತ್ರಗಳೂ ಹೆಂಗಸರದ್ದೇ. ಟೋಕನ್ ಕೂಗುವವಳು ನಮ್ಮ ಸರದಿ ಬಂದಾಗ ಅಮ್ಮನ ಕೈ ಹಿಡಿದು ಎಬ್ಬಿಸಿ ತೆಲುಗಿನಲ್ಲಿ ‘ರಂಡಿ ಅಮ್ಮಾ’, ಬನ್ನಿ ಅಮ್ಮಾ, ಎಂದು ಒಳಗೆ ಕರೆದೊಯ್ಯಲು ನೋಡಿದಳು. ಅಮ್ಮ ‘ನೇನು ಕಾದು, ವೀಡು’ ಎಂದು ನನ್ನತ್ತ ತೋರಿಸಿದಳು. ನಾನಲ್ಲ, ಇವನು. ಇಡೀ ಬಾಕು ನನ್ನನ್ನು ನೋಡಿತು. ಡಾಕ್ಟರಿಗೆ ಇನ್ನೂ ಹೊತ್ತಿದೆ ಎಂದು ಮತ್ತೆ ಕೂರಿಸಿದರು. ಭೂಮಿ ಬಾಯಿ ಬಿಡುತ್ತದೋ ಎಂದು ನೆಲ ನೋಡಿದೆ. ಹೈದರಾಬಾದಿನ ಕೆಳಗೆ ಬರೀ ಬಂಡೆ. ಅದು ಅಷ್ಟು ಸುಲಭಕ್ಕೆ ಬಾಯಿ ಬಿಡುವ ಊರಲ್ಲ.

ಪಕ್ಕದಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹೆಂಗಸು ಕೂತಿದ್ದಳು. ಹುಬ್ಬಿನ ಕೂದಲೂ ಉದುರಿತ್ತು. ‘ಕಾಯ್ಕು ಇತ್ನಾ ಝುಕ್ಕೊ ಬೈಠಾ ಬೇಟಾ?’ ಎಂದಳು. ಇಷ್ಟು ಬಗ್ಗಿ ಯಾಕೆ ಕೂತಿದ್ದೀ ಮಗನೇ, ಎಂದು. ಮೂರು ವರ್ಷದಿಂದ ನಾನು ಹಾಗೇ ಬಗ್ಗಿ ನಡೆಯುತ್ತಿದ್ದೆ, ನನಗೇ ಮರೆತುಹೋಗಿತ್ತು. ಏನೂ ತೋಚದೆ ಟೋಕನ್ ಕೂಗುವವಳ ದನಿ ತೆಗೆದು ಅವಳ ಕೈಯಲ್ಲಿದ್ದ ಟೋಕನ್ನಿನ ನಂಬರ್ ಕೂಗಿದೆ. ಪಾಪ, ಎದ್ದೇ ನಿಂತಳು. ಆಮೇಲೆ ಗೊತ್ತಾಗಿ, ಹೊಲಿಗೆ ಹಾಕಿದ ಮಗ್ಗುಲು ಒತ್ತಿ ಹಿಡಿದು ನಕ್ಕಳು.

‘ನನ್ನದು ತೆಗೆದುಬಿಟ್ಟರು, ನಿನಗೆ ಕೊಟ್ಟುಬಿಟ್ಟರು,’ ಎಂದಳು ತನ್ನ ದಖನಿ ಉರ್ದುವಿನಲ್ಲಿ. ‘ಮೇಲಿನವನ ಪಾರ್ಸೆಲ್ಲು ವಿಳಾಸ ತಪ್ಪಿ ಬಂದಿದೆ.’

ಆ ಮಾತಿಗೆ ನಾನು ನಕ್ಕೆ. ನನ್ನ ಮೈ ಬಗ್ಗೆ ಬೇರೆಯವರು ಆಡಿದ ಮಾತಿಗೆ ನಾನು ನಿಜವಾಗಿ ನಕ್ಕದ್ದು ಅದೇ ಮೊದಲು. ಅವಳ ಹೆಸರು ಕೇಳಲಿಲ್ಲ. ಅವಳು ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ.

ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿ, ರಕ್ತ ತೆಗೆಸಿ, ಸ್ಕ್ಯಾನ್ ಮಾಡಿಸಿ, ಕ್ಯಾನ್ಸರ್ ಅಲ್ಲ ಎಂದರು. ಹೆಣ್ಣಾಗುವುದೂ ಇಲ್ಲ ಎಂದರು, ನಾನು ಕೇಳದಿದ್ದರೂ. ಎಷ್ಟೋ ಹುಡುಗರಿಗೆ ಆ ವಯಸ್ಸಿನಲ್ಲಿ ಹೀಗೆ ಊದುತ್ತದೆ, ಬಹಳ ಜನಕ್ಕೆ ತಾನೇ ಇಳಿಯುತ್ತದೆ, ನಿನ್ನದು ಇಳಿದಿಲ್ಲ, ಇನ್ನಷ್ಟು ದಿನ ನೋಡೋಣ ಎಂದರು. ‘ಎಷ್ಟೋ ಹುಡುಗರು’ ಎಂಬುದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಎಲ್ಲಿದ್ದರು ಅವರೆಲ್ಲ? ನನ್ನ ಕ್ಲಾಸಿನಲ್ಲಿ ನನ್ನನ್ನು ನೋಡಿ ನಗುತ್ತಿದ್ದವರಲ್ಲಿ ಎಷ್ಟು ಜನ ಅಂಗಿಯೊಳಗೆ ಏನೇನು ಬಿಗಿದುಕೊಂಡಿದ್ದರೋ.

ಇಳಿಯಲಿಲ್ಲ. ಹದಿನೆಂಟು ತುಂಬಿದ ಮೇಲೆ ಆಪರೇಷನ್ ಆಯಿತು. ಎಚ್ಚರವಾದಾಗ ಮೈ ಬಿಗಿಯಾಗಿತ್ತು. ಆರು ವಾರ ಈ ಬಿಗಿ ಬನಿಯನ್ ತೆಗೆಯಬಾರದು ಎಂದರು ಡಾಕ್ಟರಮ್ಮ. ಕದ್ದು ಕಟ್ಟಿಕೊಂಡಿದ್ದನ್ನು ಈಗ ಚೀಟಿ ಬರೆದು ಕೊಟ್ಟಂತಾಯಿತು. ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕೆ.

ಇಲ್ಲಿಗೆ ಮುಗಿಯಬೇಕು ಅಲ್ಲವೇ? ಮುಗಿಯಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪಟ್ಟಿ ಬಿಚ್ಚಿದಾಗ ಎಡಗಡೆ ಸಪಾಟಾಗಿತ್ತು. ಬಲಗಡೆ ಸ್ವಲ್ಪ ತಗ್ಗು ಬಿದ್ದು, ಅರ್ಧಚಂದ್ರದಂಥ ಗೀಟು ಉಳಿದಿತ್ತು. ಆರು ವಾರದ ಬನಿಯನ್ನನ್ನು ಎರಡು ವರ್ಷ ಹಾಕಿಕೊಂಡೆ. ಕನ್ನಡಿಯಲ್ಲಿ ಗೀಟು ಕಾಣುತ್ತಿರಲಿಲ್ಲ, ತೆಗೆದುಹಾಕಿದ್ದೇ ಕಾಣುತ್ತಿತ್ತು. ಡಾಕ್ಟರಮ್ಮ ತೆಗೆದದ್ದು ಮೈಯಿಂದ. ‘ಆಂಟಿ’ ಇನ್ನೂ ಒಳಗೇ ಇದ್ದಳು. ಕಾಲೇಜು ಮುಗಿಯಿತು, ಸನತ್‌ನಗರದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು, ವಾರಕ್ಕೊಂದು ಮಿಮಿಕ್ರಿ ಕಾರ್ಯಕ್ರಮದಲ್ಲಿ ಜನರನ್ನು ನಗಿಸುತ್ತಿದ್ದೆ. ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವುಚಿಕೊಂಡೇ ಕೂರುತ್ತಿದ್ದೆ. ಈಜು ಬೇಡ, ಡಾಕ್ಟರು ಬೇಡ, ಶ್ರಾವಣ ಬೇಡ. ಮನೆಯಲ್ಲಿ ಈಗ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಅಪ್ಪ ಹೊಸ ಜನಿವಾರ ತಂದು ನನ್ನ ಮೇಜಿನ ಮೇಲೆ ಇಟ್ಟು ಸುಮ್ಮನೆ ಹೋಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹದಿನೈದು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಅಮ್ಮ ಹಟ ಹಿಡಿದು ಒಬ್ಬ ಕೌನ್ಸೆಲರ್ ಹತ್ತಿರ ಕರೆದೊಯ್ದಳು. ಅವರ ಮುಂದೆ ಇಡೀ ಕತೆ ಹೇಳಿದೆ: ಅಪ್ಪನ ದನಿಯಲ್ಲಿ, ಡ್ರಿಲ್ ಸಾರ್ ದನಿಯಲ್ಲಿ, ಶಾಮಣ್ಣ ಕಾಕಾನ ಕೆಮ್ಮಿನ ಸಮೇತ. ಅವರು ನಕ್ಕರು, ಆಮೇಲೆ, ‘ಈಗ ನೀವು ಹೇಳಿ’ ಎಂದರು. ಬಾಯಿ ತೆರೆದೆ. ಏನೂ ಬರಲಿಲ್ಲ. ಆ ದಿನ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ನಾಲ್ಕನೆಯ ಸಲ ಹೋದಾಗ ‘ನನಗ ನಾಚಿಕಿ ಆಗ್ತದ’ ಎಂದು ಮೂರು ಪದ ಬಂದವು. ಹೇಳಿ ಒಂದು ತಾಸು ಅತ್ತೆ.

ಎರಡು ಬನಿಯನ್ ಹಾಕಿಕೊಂಡು ಇದನ್ನು ಓದುತ್ತಿರುವ ಹುಡುಗನೇ, ನಿನಗೆ ಹೇಳಲು ನನ್ನಲ್ಲಿ ಮಂತ್ರವಿಲ್ಲ. ಒಬ್ಬರಿಗೆ ಹೇಳು. ಅವರು ಓಡು ಅಂದರೆ ಇನ್ನೊಬ್ಬರಿಗೆ ಹೇಳು. ಯಾರನ್ನೂ ಸಾಯಿಸಬೇಡ, ಫೋನಿನಲ್ಲೂ.

ಹೋದ ಶ್ರಾವಣದಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ‘ನಾನೂ ಬರ್ತೀನಿ’ ಎಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ. ಹಜಾರದ ಬಾಗಿಲಲ್ಲಿ ಅಂಗಿಗೆ ಕೈ ಹಾಕಿದೆ. ಒಂದು ಗುಂಡಿ ಬಿಚ್ಚಲು ಆಗಲಿಲ್ಲ, ತಲೆಯ ಮೇಲಿಂದ ಎಳೆದು ತೆಗೆದೆ. ಉತ್ತರೀಯ ಹೊದ್ದು ಕೂತೆ. ಆಚಾರ್ಯರು ಮೈಕಿನಲ್ಲಿ ‘ಉತ್ತರೀಯ ಸೊಂಟಕ್ಕ ಕಟ್ಕೊಳ್ರಿ’ ಎಂದರು. ಎಲ್ಲರೂ ಕಟ್ಟಿಕೊಂಡರು. ನಾನೂ ಕಟ್ಟಿಕೊಂಡೆ.

ಪಕ್ಕದ ಹಿರಿಯರೊಬ್ಬರು ಗೀಟು ನೋಡಿದರು. ‘ಆಪರೇಶನ್ನೇನು?’

‘ಹೌದ್ರಿ.’

‘ನಂದೂ ಆಗೇದ, ನೋಡಿಲ್ಲಿ,’ ಎಂದು ಪಂಚೆ ಸ್ವಲ್ಪ ಇಳಿಸಿ ಹರ್ನಿಯಾದ ಗುರುತು ತೋರಿಸಿದರು. ಯಾವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಚೆನ್ನಾಗಿತ್ತು ಎಂದು ಹೇಳಿದರು. ಆಮೇಲೆ ಅವರ ಜನಿವಾರ ಗಂಟಾಯಿತು. ಬಿಡಿಸಿಕೊಳ್ಳುವುದರಲ್ಲಿ ನನ್ನನ್ನು ಮರೆತರು.

ನನಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ಮೆಟ್ಟಿಲಿನಿಂದ ಹಾರಿದ್ದು, ಹುಣ್ಣಿನ ಮೇಲೆ ಪೌಡರ್ ಹಾಕಿದ್ದು, ಅಜ್ಜಿಯನ್ನು ಅಳಿಸಿದ್ದು, ಎಲ್ಲವೂ ಈ ಅರ್ಧ ನಿಮಿಷಕ್ಕಾಗಿಯೇ? ಹದಿನಾರರ ಆ ಹುಡುಗನನ್ನು ಕೈಹಿಡಿದು ಕರೆತಂದು ಇಲ್ಲಿ ಕೂರಿಸಲು ಈಗ ದಾರಿಯಿಲ್ಲ.

ಊಟಕ್ಕೆ ಅದೇ ಬರಿಮೈಯಲ್ಲಿ ಪಂಕ್ತಿಯಲ್ಲಿ ಕೂತೆವು, ಅಪ್ಪ ನನ್ನ ಪಕ್ಕದಲ್ಲಿ. ಸಾರು ಬಡಿಸುವವನು ಬಂದ. ನಾನು ಎಲೆಯ ಮೇಲೆ ಬಗ್ಗಿದೆ.

‘ಸರಳ ಕೂಡು,’ ಎಂದರು ಅಪ್ಪ ತಮ್ಮ ಎಲೆಯನ್ನೇ ನೋಡುತ್ತ. ‘ಸಾರು ಕುದೀಲಿಕ್ಕತ್ತದ. ಎದಿ ಮ್ಯಾಲ ಸಿಡೀತದ.’

ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ‘ಎದಿ’ ಎಂಬ ಪದವನ್ನು ಯಾರೂ ಆಡಿರಲಿಲ್ಲ. ‘ಅದು’ ಎನ್ನುತ್ತಿದ್ದರು, ‘ಆ ಪ್ರಾಬ್ಲಮ್’ ಎನ್ನುತ್ತಿದ್ದರು, ಅಥವಾ ಸುಮ್ಮನಾಗುತ್ತಿದ್ದರು. ಅಪ್ಪನಿಗೆ ತಾವು ಏನು ಹೇಳಿದರೆಂಬುದೇ ಗೊತ್ತಾಗಿರಲಿಲ್ಲ. ಅನ್ನಕ್ಕೆ ಗುಂಡಿ ಮಾಡುತ್ತಿದ್ದರು.

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

‘ಹಾಕ್ಲೇನ್ರಿ?’ ಎಂದ ಬಡಿಸುವವನು.

‘ಹಾಕ್ರಿ,’ ಎಂದೆ. ನನ್ನ ದನಿಯಲ್ಲಿ.